ಹತ್ತಿಯ ಹಿಮ ಬೇಡ, ಹೂಮಳೆ ಸಾಕು

ಡಿಸೆಂಬರಿನಲ್ಲಿ ಸಕಲೇಶಪುರದ ಕಣಗಳ ತುಂಬ ಕಾಫಿ ಹಣ್ಣು ಒಣಗುತ್ತಿರುತ್ತದೆ. ಚರ್ಚಿನೊಳಗೆ ನೋಡಿದರೆ ಕ್ರಿಸ್ಮಸ್ ಗೋದಲಿಯ ಮೇಲೆ ಹತ್ತಿಯ ಹಿಮ! ಆರಾಧನೆಯೊಳಕ್ಕೆ ನಮ್ಮದೇ ಮಳೆ, ಬಿಸಿಲು, ಬೆಳೆ ಬರಬೇಕೆನ್ನುವವರಿಗೆ ಕೆಲವು ಸೂತ್ರಗಳು.

1. ಎರಡು ಕ್ಯಾಲೆಂಡರ್ ಇಟ್ಟುಕೊಳ್ಳಿ: ಚರ್ಚಿನದೊಂದು, ತೋಟದ್ದೊಂದು. ಈಸ್ಟರ್ ಬೀಳುವುದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ. ಕಾಫಿ ಹೂ ಅರಳಿಸುವ ನಮ್ಮ ಹೂಮಳೆಯೂ ಹೆಚ್ಚುಕಡಿಮೆ ಅದರ ಹಿಂದೆಮುಂದೆಯೇ. ಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಘಮ ಹಬ್ಬುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಪೀಠಕ್ಕೆ ಹೂವಿಡಬಾರದು, ನಿಜ. ಕಿಟಕಿ ತೆರೆಯಬಾರದು ಎಂದು ಯಾರೂ ಹೇಳಿಲ್ಲವಲ್ಲ! ಕಾಫಿ ಹೂವನ್ನು ಮಾತ್ರ ಕೀಳಬೇಡಿ, ಕಿತ್ತರೆ ಹಣ್ಣು ಹೋಯಿತು.

2. ಮೊಂತಿ ಹಬ್ಬವನ್ನು ಎರಡು ಸಲ ಮಾಡಿ. ಘಟ್ಟದ ಕೆಳಗೆ ಸೆಪ್ಟೆಂಬರ್ 8ಕ್ಕೆ, ಮರಿಯಮ್ಮನ ಹುಟ್ಟುಹಬ್ಬದಂದು, ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಕರಾವಳಿಯಿಂದ ತೋಟಗಳಿಗೆ ಬಂದ ಕೊಂಕಣಿ ಕುಟುಂಬಗಳು ಹಬ್ಬವನ್ನೂ ಜೊತೆಗೆ ತಂದವು. ಆದರೆ ಆಗ ಇಲ್ಲಿನ ಗದ್ದೆಯಲ್ಲಿ ಪೈರು ಇನ್ನೂ ಹಸಿರು. ಸೆಪ್ಟೆಂಬರಿನಲ್ಲಿ ಮಕ್ಕಳು ಬುಟ್ಟಿಯಲ್ಲಿ ಹಿತ್ತಲ ಹೂ ತಂದು ಮರಿಯಮ್ಮನಿಗೆ ಅರ್ಪಿಸಲಿ. ನಮ್ಮ ತೆನೆಗೆ, ಜೊತೆಗೆ ಒಂದು ಬೊಗಸೆ ಕಾಫಿ ಹಣ್ಣಿಗೆ, ಕೊಯ್ಲಿನ ಹೊತ್ತಿನಲ್ಲಿ ಇನ್ನೊಂದು ಭಾನುವಾರ ಮೀಸಲಿಡಿ. ಬುಟ್ಟಿಯನ್ನು ಪೀಠದವರೆಗೆ ಹೊರುವವರು ಲೈನ್ ಮನೆಯ ಕೂಲಿಕಾರರಾಗಲಿ. ಮಾಲೀಕರು ಹಿಂದೆ ನಡೆಯಬಹುದು.

3. ಜುಲೈಯಲ್ಲಿ ಪ್ರಸಂಗ ಚಿಕ್ಕದಿರಲಿ. ಹೆಂಚಿನ ಮೇಲೆ ಮಳೆ ಸುರಿಯುವಾಗ ಮೈಕಿನ ಜೋರು ಹೆಚ್ಚಿಸಿ ಪ್ರಯೋಜನವಿಲ್ಲ, ಕರೆಂಟೂ ಇರುವುದಿಲ್ಲ. ಎರಡು ನಿಮಿಷ ಸುಮ್ಮನೆ ಕೇಳಿ. ಮಳೆ ಹೊಳವಾದಾಗ, ಮಳೆ–ಬೆಳೆಯನ್ನೇ ಹಾಡುವ 65ನೇ ಕೀರ್ತನೆ ಓದಿ.

4. ಆನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆಲೂರು, ಸಕಲೇಶಪುರದ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯುವುದು ಹುಡುಗಾಟವಲ್ಲ. ಕ್ರಿಸ್ಮಸ್ ರಾತ್ರಿಯ ಪೂಜೆ ಬೇಗ ಮುಗಿಯಲಿ. ಆನೆ ತುಳಿತಕ್ಕೆ ಸಿಕ್ಕು ಸತ್ತವರನ್ನು ಪ್ರಾರ್ಥನೆಯಲ್ಲಿ ನೆನೆಯಿರಿ; ಕಾಡು ಕಳೆದುಕೊಂಡ ಆನೆಯನ್ನೂ.

5. ಗಿಡ ನೆಡುವುದಾದರೆ ಮಳೆ ಹಿಡಿಯುವ ಜೂನ್‌ನಲ್ಲೇ ನೆಡಿ, ಸೆಪ್ಟೆಂಬರಿಗೆ ಕಾಯಬೇಡಿ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಆರ್ಥೊಡಾಕ್ಸ್ ಸಭೆ 1989ರಲ್ಲಿ ಗೊತ್ತುಮಾಡಿತು, ಪೋಪ್ ಫ್ರಾನ್ಸಿಸ್ 2015ರಲ್ಲಿ ಅದನ್ನೇ ಕ್ಯಾಥೊಲಿಕರಿಗೂ ತಂದರು. ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಆಚರಣೆ ನಡೆಯುತ್ತದೆ. ಜೂನ್‌ನಲ್ಲಿ ನೆಟ್ಟದ್ದು ಬದುಕಿದೆಯೇ ಎಂದು ಆಗ ಹೋಗಿ ನೋಡಿ.

6. ಮಕ್ಕಳನ್ನು ಶೆಟ್ಟಿಹಳ್ಳಿಗೆ ಕರೆದೊಯ್ಯಿರಿ, ವರ್ಷಕ್ಕೆರಡು ಬಾರಿ. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚ್ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ನೀರು ಗೋಡೆ ಏರುತ್ತದೆ, ಬೇಸಿಗೆಯಲ್ಲಿ ನೆಲ ಕಾಣುತ್ತದೆ. ಗೋಡೆಗಳು ಶಿಥಿಲ, ದೂರದಿಂದಲೇ ನೋಡಿ.

7. ಕೊನೆಗೆ ಆ ಗೋದಲಿ. ಹತ್ತಿ ಎತ್ತಿಟ್ಟು ಹೊಸ ಭತ್ತದ ಹುಲ್ಲು ಹಾಸಿ. ಅಲಂಕಾರಕ್ಕೆಂದು ಮರದ ಪಾಚಿ ಕೆರೆಯಬೇಡಿ. ಕಟ್ಟುವ ಕೆಲಸ ಮಕ್ಕಳಿಗೇ ಬಿಡಿ. ಕುರಿಗಳ ಪಕ್ಕ ಮಣ್ಣಿನ ಆನೆಯೊಂದು ಬಂದು ನಿಂತರೆ ಓಡಿಸಬೇಡಿ.