ಹಬ್ಬದ ಕಾಲದಲ್ಲಿ ಪರದೇಶದ ಸೇವೆ

ಓದತಕ್ಕ ಭಾಗಗಳು: ಲೂಕ 2:1–7, ಮತ್ತಾಯ 2:13–15, ಅಪೊಸ್ತಲರ ಕೃತ್ಯಗಳು 18:1–3, 24–26.



ಕ್ರಿಸ್ತ ಜನನದ ಹಬ್ಬವು ಸಮೀಪಿಸುವಾಗ ನಮ್ಮ ಸೀಮೆಯಲ್ಲಿ ರಾಗಿಯ ಒಕ್ಕಣೆ ನಡೆಯುತ್ತಿರುವದು; ಅವರೇಕಾಯಿ ಸಂತೆಗೆ ಬಂದಿರುವದು; ದೂರದಲ್ಲಿರುವ ಮಕ್ಕಳು ತಾಯಿಯ ಮನೆಗೆ ಬರುವರು. ಆದಕಾರಣ ಹಬ್ಬವೆಂದರೆ ಮನೆಗೆ ಸೇರುವ ಕಾಲವೆಂದು ಎಣಿಸುತ್ತೇವೆ. ಇದು ತಪ್ಪಲ್ಲ. ಆದರೂ ಮೇಲಿನ ಭಾಗಗಳನ್ನು ಓದಿದವರು ಒಂದು ಸಂಗತಿಯನ್ನು ಕಾಣುವರು. ಮೊದಲನೆಯ ಹಬ್ಬದ ದಿನದಲ್ಲಿ ಯೋಸೇಫನೂ ಮರಿಯಳೂ ಸ್ವಂತ ಮನೆಯಲ್ಲಿರಲಿಲ್ಲ. ಛತ್ರದಲ್ಲಿ ಸಹ ಅವರಿಗೆ ಸ್ಥಳವಿರಲಿಲ್ಲ. ಬಳಿಕ ಕೂಸನ್ನೆತ್ತಿಕೊಂಡು ಐಗುಪ್ತವೆಂಬ ಪರದೇಶಕ್ಕೆ ಹೋಗಬೇಕಾಯಿತು. ದೇವಕುಮಾರನು ತಾನೇ ತಂದೆಯ ಮನೆಯನ್ನು ಬಿಟ್ಟು ಬಂದವನಲ್ಲವೇ? ಹೀಗಿರಲಾಗಿ, ಆತನ ನಿಮಿತ್ತ ಮನೆಯನ್ನು ಬಿಟ್ಟು ಬಂದ ದಂಪತಿಗಳನ್ನು ಈ ಕಾಲದಲ್ಲಿ ಜ್ಞಾಪಕ ಮಾಡಿಕೊಳ್ಳುವದು ಯುಕ್ತವಾಗಿದೆ.

1. ಬೆಂಗಳೂರಿಗೆ ಬಂದವರು

ಲಂಡನ್ ಮಿಷನಿನವರು 1820ರಲ್ಲಿ ಬೆಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿದರು. 1837ರಲ್ಲಿ ಬೆಂಜಮಿನ್ ರೈಸ್ ಅಯ್ಯನವರೂ ಅವರ ಪತ್ನಿಯಾದ ಜೇನ್ ಅಮ್ಮನವರೂ ಅಲ್ಲಿ ಸೇವೆಗೆ ಸೇರಿದರು. ಆಗ ಸೂಯೆಜ್ ಕಾಲುವೆಯಿರಲಿಲ್ಲ. ಅದು ತೆರೆದದ್ದು 1869ರಲ್ಲಿ. ಹಡಗುಗಳು ಆಫ್ರಿಕ ಖಂಡವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲೆ ಬರಬೇಕಾಗಿತ್ತು. ತಾಯಿಗೆ ಬರೆದ ಒಂದು ಕಾಗದಕ್ಕೆ ಉತ್ತರ ಬರಬೇಕಾದರೂ ಬಹು ತಿಂಗಳು ಕಾದಿರಬೇಕಾಗಿತ್ತು.

ಅದೇ ವರ್ಷದ ಜುಲೈ 17ರಂದು ಅವರಿಗೆ ಬೆಂಗಳೂರಿನಲ್ಲಿ ಗಂಡುಮಗು ಹುಟ್ಟಿತು. ಡಿಸೆಂಬರಿನಲ್ಲಿ ಹಬ್ಬ ಬಂದಾಗ ಆ ಕೂಸಿಗೆ ಐದು ತಿಂಗಳು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವಳು. ಎಣ್ಣೆನೀರು ಹಾಕುವದಕ್ಕೆ ತಾಯಿ ಇರುವಳು, ತೊಟ್ಟಿಲು ತೂಗುವದಕ್ಕೆ ಅಜ್ಜಿ ಇರುವಳು. ಜೇನ್ ಅಮ್ಮನವರ ತವರು ಏಳು ಸಮುದ್ರದ ಆಚೆಯಲ್ಲಿತ್ತು. ಇದನ್ನು ತಾಯಂದಿರು ಚೆನ್ನಾಗಿ ತಿಳಿದುಕೊಳ್ಳುವರು.

ಆದರೂ ಅವರು ಕೆಲವು ವರ್ಷವಿದ್ದು ಹಿಂತಿರುಗಿ ಹೋಗಲಿಲ್ಲ. ಅಯ್ಯನವರು ಕನ್ನಡವನ್ನು ಕಲಿತು, ಬೋಧನೆಯನ್ನೂ ಪಾಠಶಾಲೆಗಳನ್ನೂ ನಡಿಸಿ, ಕನ್ನಡ ಸತ್ಯವೇದದ ಪರಿಷ್ಕರಣದಲ್ಲಿ ಪಾಲುಗೊಂಡು, 50 ವರ್ಷ ಸೇವೆಮಾಡಿ 1887ರಲ್ಲಿ ಬೆಂಗಳೂರಿನಲ್ಲಿಯೇ ನಿದ್ರೆಹೋದರು. ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ದೇವಾಲಯವು ಅವರ ಹೆಸರನ್ನು ಹೊತ್ತಿದೆ. ಜೇನ್ ಅಮ್ಮನವರಾದರೋ, 1840ರ ಸುಮಾರಿನಲ್ಲಿ ಸ್ಯೂವೆಲ್ ಅಮ್ಮನವರೊಡನೆ ಸೇರಿ, ಹೆಣ್ಣುಮಕ್ಕಳಿಗೆ ಓದು ಯಾಕೆಂದು ಜನರು ಕೇಳುತ್ತಿದ್ದ ದಿನಗಳಲ್ಲಿ, ಕನ್ನಡದ ಹೆಣ್ಣುಮಕ್ಕಳನ್ನು ಕೂಡಿಸಿ ಓದುಬರಹವನ್ನು ಕಲಿಸಿದರು. ಇಂದು ನಮ್ಮ ಸಭೆಗಳಲ್ಲಿ ಸಹೋದರಿಯರು ಎದ್ದು ಸತ್ಯವೇದವನ್ನು ಓದುವಾಗ, ಆ ದಾರಿಯನ್ನು ಮೊದಲು ತೆರೆದವರಲ್ಲಿ ಈಕೆಯೂ ಒಬ್ಬರೆಂದು ನೆನಸಬೇಕು.

ಆ ಐದು ತಿಂಗಳ ಕೂಸು ಏನಾಯಿತು? ಅವರೇ ಬಿ. ಎಲ್. ರೈಸ್. ಇಂಗ್ಲೆಂಡಿನಲ್ಲಿ ವಿದ್ಯೆ ಕಲಿತು ಹಿಂತಿರುಗಿ ಬಂದು, ಮೈಸೂರು ಸೀಮೆಯ ಶಿಲಾಶಾಸನಗಳನ್ನು ಓದಿಸಿ ಅಚ್ಚುಹಾಕಿಸಿದರು. 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕಲ್ಲುಗಳ ಬರಹವಿದೆ. ನಾವು ದನ ಕಟ್ಟಿ ಒರಗುತ್ತಿದ್ದ ಕಲ್ಲುಗಳು ನಮ್ಮ ಹಿರಿಯರ ಮಾತನ್ನಾಡುತ್ತವೆಂದು ತೋರಿಸಿಕೊಟ್ಟವರು ಆ ಪರದೇಶಿ ದಂಪತಿಗಳ ಮಗನು. ಸುವಾರ್ತೆಗಾಗಿ ಬಂದ ಮನೆಯವರು ಈ ನಾಡನ್ನು ಪರದೇಶವಾಗಿ ಎಣಿಸದೆ ಸ್ವದೇಶವಾಗಿ ಮಾಡಿಕೊಂಡರೆಂಬದಕ್ಕೆ ಇದು ಸಾಕ್ಷಿ.

2. ಅಳಲು ಹೊಕ್ಕ ಮನೆ

ಸೇವೆಯ ಕಥೆಗಳೆಲ್ಲಾ ಹೀಗೆ ಸುಖಾಂತವಾಗಿರುವದಿಲ್ಲ. ಅದನ್ನು ಮುಚ್ಚಿಡುವದು ಸತ್ಯಕ್ಕೆ ತಕ್ಕದ್ದಲ್ಲ. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದ ವಿಲಿಯಂ ಕೇರಿಯವರ ಹೆಸರನ್ನು ಅನೇಕರು ಕೇಳಿದ್ದೀರಿ. ಅವರು 1793ರ ನವೆಂಬರಿನಲ್ಲಿ ಬಂಗಾಳಕ್ಕೆ ಬಂದಿಳಿದರು. ಪತ್ನಿಯಾದ ಡೊರೊಥಿ ಅಮ್ಮನವರು ಮೊದಲು ಬರಲೊಲ್ಲೆನೆಂದವರು. ಕೊನೆಗೆ ತಂಗಿಯನ್ನು ಜೊತೆಗೆ ಕರಕೊಂಡು, ಕೈಗೂಸಿನೊಡನೆ ಹಡಗನ್ನು ಹತ್ತಿದರು. ಪರದೇಶದಲ್ಲಿ ಬಡತನ, ರೋಗ. 1794ರಲ್ಲಿ ಪೀಟರನೆಂಬ ಮಗನ ಮರಣ. ಆ ತಾಯಿಯ ಬುದ್ಧಿ ಕದಡಿಹೋಯಿತು. 1807ರಲ್ಲಿ ಮೃತಿಹೊಂದುವ ತನಕ ಸ್ವಸ್ಥವಾಗಲಿಲ್ಲ.

1800ನೆಯ ಡಿಸೆಂಬರ್ 28ರಂದು, ಹಬ್ಬದ ವಾರದಲ್ಲಿಯೇ, ಸೇರಾಂಪುರದಲ್ಲಿ ಕೃಷ್ಣ ಪಾಲನೆಂಬ ಬಡಗಿಯು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದನು. ಕೇರಿಯವರ ಮಗನಾದ ಫೆಲಿಕ್ಸನೂ ಅದೇ ದಿನ ಹೊಂದಿದನು. ಏಳು ವರ್ಷ ಕಾದ ಮೇಲೆ ಬಂದ ಆ ಸಂತೋಷದಲ್ಲಿ ಸೇರುವ ಸ್ಥಿತಿ ಮಾತ್ರ ಮಗನ ತಾಯಿಗೆ ಇರಲಿಲ್ಲ. ನದಿಯ ದಡದಲ್ಲಿ ಸ್ತೋತ್ರ, ಮನೆಯೊಳಗೆ ಸಂಕಟ. ಡೊರೊಥಿ ಅಮ್ಮನವರನ್ನು ಅಲ್ಪವಿಶ್ವಾಸಿಯೆಂದು ಯಾರೂ ತೀರ್ಪುಮಾಡಬಾರದು. ಆಕೆಯು ಕೊಟ್ಟದ್ದು ಕಡಿಮೆಯಲ್ಲ. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ಗಂಡನಿಗೆ ಬಂದ ಕರೆಯನ್ನು ಹೆಂಡತಿಯ ಮೇಲೆ ಹೊರೆಯಾಗಿ ಹೊರಿಸಬಾರದು. ಇಬ್ಬರೂ ಕೂಡಿ ಪ್ರಾರ್ಥಿಸಿ ಒಪ್ಪಬೇಕು. ಸಭೆಯು ಸೇವಕನ ಕ್ಷೇಮವನ್ನು ವಿಚಾರಿಸಿದಂತೆ ಅವನ ಮನೆಯವರ ಕ್ಷೇಮವನ್ನೂ ವಿಚಾರಿಸಬೇಕು. ನಮ್ಮ ಉಪದೇಶಿಯವರ ಪತ್ನಿಯು ಹಬ್ಬದ ದಿನವೆಲ್ಲಾ ಬಂದವರಿಗೆ ಅಡಿಗೆ ಮಾಡಿ ಬಡಿಸಿ ದಣಿದಿರುವಾಗ, “ಅಮ್ಮಾ, ನೀವು ಊಟಮಾಡಿದಿರಾ?” ಎಂದು ಕೇಳುವವರು ಎಷ್ಟು ಮಂದಿ?

3. ಅಕ್ವಿಲನೂ ಪ್ರಿಸ್ಕಿಲ್ಲಳೂ

ಸತ್ಯವೇದದಲ್ಲಿ ಇವರ ಹೆಸರುಗಳು ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಚಕ್ರವರ್ತಿಯ ಆಜ್ಞೆಯಿಂದ ರೋಮಾಪುರವನ್ನು ಬಿಡಬೇಕಾಗಿ ಬಂದ ಇವರು ಕೊರಿಂಥದಲ್ಲಿ ಗುಡಾರ ಮಾಡುವ ಕಸಬನ್ನು ನಡಿಸಿದರು. ತಾವೇ ಪರದೇಶಿಗಳಾಗಿದ್ದರೂ ಪೌಲನಿಗೆ ಇಂಬುಕೊಟ್ಟರು. ಎಫೆಸದಲ್ಲಿ ಅಪೊಲ್ಲೋಸನನ್ನು ಕರಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿದರು. ಇವರಿಗೆ ಬಂಗಲೆಯಿರಲಿಲ್ಲ, ಸಂಬಳವಿರಲಿಲ್ಲ. ಕಸಬು ಇತ್ತು, ಒಲೆಯಿತ್ತು, ತೆರೆದ ಬಾಗಿಲಿತ್ತು. ಮಗ್ಗ ನೇಯುವವರೂ ರೇಷ್ಮೆಹುಳು ಸಾಕುವವರೂ ಕೂಲಿಮಾಡುವವರೂ ಆದ ನಮಗೆ ಈ ದಂಪತಿಗಳು ಸಮೀಪದ ಮಾದರಿ.

4. ನಮ್ಮ ಪಾಲು

ಒಂದು ಕಾಲದಲ್ಲಿ ನಾವು ಸುವಾರ್ತೆಯನ್ನು ಹೊಂದಿದವರು; ಯಾವಾಗಲೂ ಹೊಂದುವವರಾಗಿಯೇ ಇರತಕ್ಕದ್ದಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಏರ್ಪಟ್ಟ ಮೇಲೆ ಸೇವೆಯ ಭಾರವು ನಮ್ಮ ಹೆಗಲಿಗೇ ಬಂದಿದೆ. ಇದಕ್ಕಾಗಿ ಎಲ್ಲರೂ ಹಡಗನ್ನು ಹತ್ತಬೇಕಾಗಿಲ್ಲ. ಪರದೇಶವೇ ನಮ್ಮ ಬಾಗಿಲಿಗೆ ಬಂದಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆಯಿತು. ಅಲ್ಲಿಯ ಕಟ್ಟಡಗಳಿಗೂ, ದೊಡ್ಡಬಳ್ಳಾಪುರದ ಬಟ್ಟೆಯ ಕಾರ್ಖಾನೆಗಳಿಗೂ, ನೆಲಮಂಗಲ ಹೊಸಕೋಟೆಗಳ ಉಗ್ರಾಣಗಳಿಗೂ ಒಡಿಶಾ, ಬಿಹಾರ, ಝಾರ್ಖಂಡ್ ಸೀಮೆಗಳಿಂದ ಎಳೇ ದಂಪತಿಗಳು ಕೆಲಸಕ್ಕಾಗಿ ಬಂದಿದ್ದಾರೆ. ತಗಡಿನ ಶೆಡ್ಡಿನಲ್ಲಿ ಹೆರಿಗೆಯಾದ ತಾಯಿಗೆ ತವರು ಎಲ್ಲಿ? ರಾಂಚಿಯಲ್ಲಿ 1845ರಿಂದಲೇ ಗೊಸ್ನರ್ ಮಿಷನಿನ ಕೆಲಸ ನಡೆದದ್ದರಿಂದ, ಹಾಗೆ ಬಂದವರಲ್ಲಿ ಕೆಲವರು ನಮ್ಮ ಸಹವಿಶ್ವಾಸಿಗಳೇ ಆಗಿರಬಹುದು. ಅವರು ಯಾರೇ ಆಗಿರಲಿ, ಯಾವ ಮತದವರೇ ಆಗಿರಲಿ, ಹಬ್ಬದ ದಿನ ನಮ್ಮ ಎಲೆಯ ಪಕ್ಕದಲ್ಲಿ ಇನ್ನೆರಡು ಎಲೆ ಹಾಕುವದಕ್ಕೆ ಸ್ಥಳವಿಲ್ಲವೇ? ಛತ್ರದಲ್ಲಿ ಸ್ಥಳವಿಲ್ಲವೆಂಬ ಮಾತು ಬೇತ್ಲೆಹೇಮಿನಲ್ಲಿ ಒಂದು ಸಾರಿ ಆದದ್ದು ಸಾಕು. ಅದು ನಮ್ಮ ಊರುಗಳಲ್ಲಿ ತಿರಿಗಿ ಆಗದಿರಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೋಸೇಫ ಮರಿಯರು ಪರದೇಶಕ್ಕೆ ಯಾಕೆ ಹೋಗಬೇಕಾಯಿತು? ಅಲ್ಲಿ ಅವರಿಗೆ ಆಶ್ರಯ ಸಿಕ್ಕದಿದ್ದರೆ ಏನಾಗುತ್ತಿತ್ತು?
2. ಅಕ್ವಿಲ ಪ್ರಿಸ್ಕಿಲ್ಲರ ಸೇವೆಯಲ್ಲಿ ಅವರ ಮನೆಗೂ ಕಸಬಿಗೂ ಇದ್ದ ಸ್ಥಾನವೇನು?
3. ನಮ್ಮ ಸಭೆಯ ಸೇವಕರ ಮನೆಯವರಿಗಾಗಿ ನಾವು ಮಾಡಬಹುದಾದದ್ದೇನು?
4. ಈ ಹಬ್ಬದಲ್ಲಿ ನಮ್ಮ ಊರಿನಲ್ಲಿ ತವರಿಲ್ಲದವರು ಯಾರು? ಅವರ ಬಳಿಗೆ ಯಾರು ಹೋಗುವರು?

ನಾಲ್ಕನೆಯ ಪ್ರಶ್ನೆಗೆ ಸಭೆಯು ಬಾಯಿಂದ ಮಾತ್ರವಲ್ಲ, ಹೋಗತಕ್ಕವರನ್ನು ನೇಮಿಸಿ ಉತ್ತರಕೊಡಲಿ. ಮನೆಯನ್ನು ಬಿಟ್ಟು ನಮ್ಮ ಬಳಿಗೆ ಬಂದ ಕರ್ತನು ನಿಮ್ಮ ಮನೆಗಳನ್ನು ಆಶೀರ್ವದಿಸಲಿ. ಆಮೆನ್.