ಇಬ್ಬರು ಪುಟಾಣಿಗಳಿಗೆ ಒಂದೇ ಗಾಡಿ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ನಿಮ್ಮ ಮನೆಯಲ್ಲಿ ಅವಳಿ ಮಕ್ಕಳಿದ್ದಾರೆಯೇ? ಅಥವಾ ಮೊದಲನೆಯ ಮಗು ಇನ್ನೂ ನೆಟ್ಟಗೆ ನಡೆಯುವ ಮೊದಲೇ ಎರಡನೆಯದು ಮಡಿಲಿಗೆ ಬಂದಿದೆಯೇ? ಹಾಗಿದ್ದರೆ ಮನೆಯ ಹೊಸ್ತಿಲು ದಾಟುವುದೇ ಎಷ್ಟು ದೊಡ್ಡ ಕೆಲಸ ಎಂಬುದು ನಿಮಗೆ ಗೊತ್ತು. ಒಂದು ಸೊಂಟದ ಮೇಲೆ, ಇನ್ನೊಂದು ಕೈ ಹಿಡಿದುಕೊಂಡು, ಹೆಗಲಿಗೆ ಬ್ಯಾಗು. ಲಸಿಕೆಗೆಂದೇ ಮಗುವನ್ನು 6, 10, 14ನೇ ವಾರಗಳಲ್ಲಿ, 9 ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳೊಳಗೆ ಕರೆದೊಯ್ಯಬೇಕು. ಇಬ್ಬರು ಮಕ್ಕಳಿದ್ದರೆ ಈ ಓಡಾಟವೂ ಎರಡು ಪಾಲು.

ಇಬ್ಬರನ್ನು ಕೂರಿಸಿ ತಳ್ಳುವ ಜೋಡಿ ಸ್ಟ್ರಾಲರ್ ಒಂದು ಕಾಲದಲ್ಲಿ ವಿಮಾನ ನಿಲ್ದಾಣದಲ್ಲೋ ಮಾಲ್‌ನಲ್ಲೋ ಕಾಣುತ್ತಿದ್ದ ವಸ್ತು. ಈಗ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಮನೆಗಳಿಗೂ ಬರುತ್ತಿದೆ. ಕೆಲವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಇನ್ನು ಕೆಲವರಿಗೆ ಗಲ್ಫ್‌ನಲ್ಲಿರುವ ಬಂಧುಗಳು ತಂದುಕೊಡುತ್ತಾರೆ. ಬೆಲೆ ಕಡಿಮೆಯೇನಲ್ಲ. ಚಿತ್ರ ನೋಡಿ ಮೆಚ್ಚಿ ತಂದ ಗಾಡಿ ಬಾಗಿಲಲ್ಲಿ ತೂರದೆ ಅಟ್ಟ ಸೇರಿದರೆ ಹಣ ಹೋಯಿತು, ಅಷ್ಟೆ. ಆದರೆ ವಯಸ್ಸಿಗೆ ಹೊಂದದ ಸೀಟಿನಲ್ಲಿ ಎಳೆಗೂಸನ್ನು ಮಲಗಿಸಿದರೆ ಹೋಗುವುದು ಹಣ ಮಾತ್ರವಲ್ಲ. ಆದ್ದರಿಂದ ಕೊಳ್ಳುವ ಮುನ್ನ ಈ ಕೆಳಗಿನ ಸಂಗತಿಗಳನ್ನು ಮನೆಯವರೆಲ್ಲ ಕುಳಿತು ಓದಿ.

ಮೊದಲು ನಿಮ್ಮ ದಾರಿ ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಅಳತೆಯ ಟೇಪು ಹಿಡಿದು ಮನೆಯ ಮುಂಬಾಗಿಲು, ಗೇಟು, ಮೆಟ್ಟಿಲು ಇವುಗಳನ್ನು ಅಳೆಯಿರಿ. ಅನೇಕ ಮನೆಗಳ ಬಾಗಿಲು ಎರಡೂವರೆ ಅಡಿ, ಅಂದರೆ ಸುಮಾರು 76 ಸೆಂ.ಮೀ. ಇರುತ್ತದೆ. ಅಕ್ಕಪಕ್ಕ ಸೀಟಿರುವ ಜೋಡಿ ಗಾಡಿಗಳಲ್ಲಿ ಹೆಚ್ಚಿನವು 75ರಿಂದ 80 ಸೆಂ.ಮೀ. ಅಗಲ. ಚೌಕಟ್ಟಿನ ಒಳ ಅಳತೆಯನ್ನೇ ಬರೆದಿಟ್ಟುಕೊಳ್ಳಿ.

ನಂತರ ನೀವು ದಿನವೂ ನಡೆಯುವ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಅಂಗನವಾಡಿ, ಆಸ್ಪತ್ರೆ, ಕಿರಾಣಿ ಅಂಗಡಿ, ತವರು ಮನೆ, ಎಲ್ಲಿಗೆ ಹೆಚ್ಚು ಹೋಗುತ್ತೀರಿ? ದಾರಿಯಲ್ಲಿ ತೆರೆದ ಚರಂಡಿ ಎಷ್ಟು, ಹಂಪ್ ಎಷ್ಟು, ಫುಟ್‌ಪಾತ್ ಇದೆಯೇ? ದೇವನಹಳ್ಳಿಯ ಹೊಸ ಲೇಔಟ್‌ನ ರಸ್ತೆಗೆ ಒಪ್ಪುವ ಗಾಡಿ ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ ಒಪ್ಪಬೇಕೆಂದಿಲ್ಲ. ನೆಲಮಂಗಲ, ಹೊಸಕೋಟೆಗಳಲ್ಲಿ ಹೆದ್ದಾರಿ ದಾಟಬೇಕಾದವರು ಗಾಡಿಯೊಡನೆ ಎಲ್ಲಿ ದಾಟುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ. ಗಾಡಿ ನಿಮಗಿಂತ ಸುಮಾರು ಮೂರು ಅಡಿ ಮುಂದಿರುತ್ತದೆ. ನೀವು ರಸ್ತೆಯಂಚಿನಲ್ಲಿ ನಿಂತು ವಾಹನ ಬರುತ್ತಿದೆಯೇ ಎಂದು ಇಣುಕುವಷ್ಟರಲ್ಲಿ ಮಕ್ಕಳು ಆಗಲೇ ರಸ್ತೆಯಲ್ಲಿರುತ್ತಾರೆ. ಹಾಗಾಗಿ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ನೋಡಿ, ಆಮೇಲೆ ದಾಟಿ.

ಬಸ್ಸಿನಲ್ಲಿ ಹೋಗುವವರ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಆದರೆ 14 ಕೆ.ಜಿ. ಗಾಡಿಯನ್ನು ಮಡಚಿ, ಇಬ್ಬರು ಮಕ್ಕಳನ್ನೂ ಹಿಡಿದು ಒಬ್ಬಳೇ ಹತ್ತುವುದು ಆಗುವ ಮಾತಲ್ಲ. ನಿಮ್ಮ ಓಡಾಟ ಹೆಚ್ಚಾಗಿ ಬಸ್ಸಿನಲ್ಲೇ ಆದರೆ ಜೋಡಿ ಗಾಡಿ ನಿಮಗಲ್ಲ. ಅದಕ್ಕೆ ಬೇರೆ ಉಪಾಯವನ್ನು ಮುಂದೆ ಹೇಳಿದೆ.

ಅಕ್ಕಪಕ್ಕವೋ, ಹಿಂದುಮುಂದೋ?

ಜೋಡಿ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಕ್ಕಪಕ್ಕ ಸೀಟಿನದು ಅಗಲ ಹೆಚ್ಚು, ಆದರೆ ಉದ್ದ ಕಡಿಮೆ. ಹಂಪ್ ಬಂದಾಗ ಹಿಡಿಯನ್ನು ಒತ್ತಿದರೆ ಮುಂದಿನ ಚಕ್ರಗಳು ಸುಲಭವಾಗಿ ಮೇಲೇಳುತ್ತವೆ. ಎರಡು ಸೀಟುಗಳನ್ನೂ ಬೇರೆಬೇರೆಯಾಗಿ ಹಿಂದಕ್ಕೆ ವಾಲಿಸಬಹುದು. ಅವಳಿಗಳಿಗೆ ಇದು ಅನುಕೂಲ. ಒಂದು ಮಗು 6 ಕೆ.ಜಿ., ಇನ್ನೊಂದು 12 ಕೆ.ಜಿ. ಇದ್ದರೆ ಮಾತ್ರ ಗಾಡಿ ಭಾರದ ಕಡೆಗೆ ಎಳೆಯುತ್ತದೆ.

ಹಿಂದುಮುಂದೆ ಸೀಟಿರುವ ಗಾಡಿ ಕಿರಿದು. ಒಂಟಿ ಗಾಡಿ ಹೋಗುವಲ್ಲೆಲ್ಲ ಬಹುಮಟ್ಟಿಗೆ ಇದೂ ಹೋಗುತ್ತದೆ. ಆದರೆ ಉದ್ದ ಹೆಚ್ಚು, ತಿರುವಿನಲ್ಲಿ ತಿಣುಕುತ್ತದೆ. ಹಿಂದಿನ ಸೀಟು ಎಷ್ಟೋ ಮಾದರಿಗಳಲ್ಲಿ ತಗ್ಗಿನಲ್ಲಿದ್ದು ಕಾಲು ಚಾಚಲು ಜಾಗ ಸಾಲದು. ಕೆಲವು ಗಾಡಿಗಳಲ್ಲಿ ಒಂದೇ ಸೀಟು ಪೂರ್ತಿ ಮಲಗಿಸುವಂಥದ್ದು, ಇನ್ನೊಂದು ಕೂರಲು ಮಾತ್ರ. ದೊಡ್ಡ ಮಗು ಮತ್ತು ಕೂಸು ಇರುವ ಮನೆಗೆ ಇದು ಸರಿ, ಹಸುಳೆ ಅವಳಿಗಳಿಗೆ ಖಂಡಿತ ಸರಿಯಲ್ಲ.

ಎರಡರಲ್ಲೂ ಒಂದು ಎಚ್ಚರಿಕೆ. ಹಿಡಿಗೆ ತರಕಾರಿ ಚೀಲ ನೇತುಹಾಕಬೇಡಿ. ಮಕ್ಕಳು ಕುಳಿತಿರುವಾಗ ನಿಂತಿದ್ದ ಗಾಡಿ, ಒಂದು ಮಗುವನ್ನು ಎತ್ತಿದ ಕ್ಷಣದಲ್ಲೇ ಹಿಂದಕ್ಕೆ ಮಗುಚಬಹುದು. ಸಾಮಾನನ್ನು ಸೀಟಿನ ಕೆಳಗಿನ ಬುಟ್ಟಿಯಲ್ಲಿಡಿ.

ನಮ್ಮ ರಸ್ತೆಗೆ ಸಣ್ಣ ಪ್ಲಾಸ್ಟಿಕ್ ಚಕ್ರ ಸಾಲದು. ಅದು ಚರಂಡಿಯ ಜಾಲರಿಯಲ್ಲಿ, ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ರಬ್ಬರ್ ಚಕ್ರವೂ, ಮುಂದಿನ ಚಕ್ರ ಅತ್ತಿತ್ತ ತಿರುಗದಂತೆ ಲಾಕ್ ಮಾಡುವ ಸೌಲಭ್ಯವೂ ಇರಲಿ.

ಎಳೆಗೂಸಿನ ಕತ್ತು, ಉಸಿರು

ಇದು ಎಲ್ಲಕ್ಕಿಂತ ಮುಖ್ಯ. ಎಳೆಗೂಸಿನ ತಲೆ ಭಾರ, ಕತ್ತು ದುರ್ಬಲ. ನೆಟ್ಟಗಿನ ಸೀಟಿನಲ್ಲಿ ಕೂರಿಸಿದರೆ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕೂಸು ಅಳುವುದಿಲ್ಲ, ಒದ್ದಾಡುವುದಿಲ್ಲ. ನೋಡಿದವರಿಗೆ ನಿದ್ದೆ ಬಂದಂತೆ ಕಾಣುತ್ತದೆ. ಆದ್ದರಿಂದ ಸುಮಾರು ಆರು ತಿಂಗಳಾಗಿ, ಕತ್ತು ನಿಂತು, ಆಸರೆಯಿಲ್ಲದೆ ಕೂರುವವರೆಗೆ ಮಗು ಗಾಡಿಯಲ್ಲಿ ಮಲಗಿಯೇ ಇರಬೇಕು. ಮಕ್ಕಳ ಗಾಡಿಗಳಿಗೆ ಯುರೋಪಿನಲ್ಲಿರುವ ಇಎನ್ 1888 ಎಂಬ ಮಾನದಂಡವೂ ಆರು ತಿಂಗಳೊಳಗಿನ ಮಗುವಿನ ಸೀಟಿನ ಬೆನ್ನು ಕನಿಷ್ಠ 150 ಡಿಗ್ರಿಯಷ್ಟು ವಾಲಿರಬೇಕು ಎನ್ನುತ್ತದೆ. ದಿಂಬು, ಸುತ್ತಿದ ಶಾಲು ಇಟ್ಟು ಸೀಟನ್ನು 'ಸರಿಮಾಡಲು' ಹೋಗಬೇಡಿ. ಅವು ಜಾರಿ ಮುಖದ ಮೇಲೆ ಬರಬಹುದು.

ಗಾಡಿ ತೊಟ್ಟಿಲಲ್ಲ. ದಾರಿಯಲ್ಲಿ ಮಗು ನಿದ್ದೆಹೋದರೆ ಮನೆಗೆ ಬಂದ ಕೂಡಲೇ ಎತ್ತಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಕಾರಿನ ಸೀಟು, ಸ್ಟ್ರಾಲರ್, ಉಯ್ಯಾಲೆ ಮುಂತಾದ ಕೂರುವ ಸಾಧನಗಳನ್ನು ದಿನನಿತ್ಯದ ನಿದ್ದೆಗೆ ಬಳಸಬಾರದು, ನಾಲ್ಕು ತಿಂಗಳೊಳಗಿನ ಮಗುವಿಗೆ ಅಪಾಯ ಹೆಚ್ಚು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಎಚ್ಚರಿಸುತ್ತದೆ. ಮನೆಯಲ್ಲೇ ಮಗ್ಗವಿರುವವರು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ ಮಗ್ಗದ ಪಕ್ಕದಲ್ಲಿ ನಿಲ್ಲಿಸಬೇಡಿ. ಆ ಸದ್ದು ಎಳೆಯ ಕಿವಿಗೂ, ನೂಲಿನ ಧೂಳು ಎಳೆಯ ಶ್ವಾಸಕ್ಕೂ ಒಳ್ಳೆಯದಲ್ಲ.

ಬೆಲ್ಟು, ಬ್ರೇಕು, ಕೀಲು

ಪ್ರತಿ ಸೀಟಿಗೂ ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆಯಿಂದ ಕಟ್ಟುವ ಬೆಲ್ಟ್ ಇರಲಿ. ನಡುವಿನ ಪಟ್ಟಿ ಕಟ್ಟದಿದ್ದರೆ ನಿದ್ದೆಯಲ್ಲಿ ಮಗು ಕೆಳಗೆ ಜಾರಿ ಕತ್ತು ಸಿಕ್ಕಿಕೊಳ್ಳುವ ಅಪಾಯವಿದೆ. ಅಂಗಡಿ ಬೀದಿಯ ತುದಿಯಲ್ಲೇ ಇದ್ದರೂ ಬೆಲ್ಟ್ ಹಾಕಿಯೇ ಹೊರಡಿ. ಕೊರಳಿಗೆ ಕಟ್ಟಿದ ದಾರ, ತಾಯಿತ, ಸರ ಯಾವುದಿದ್ದರೂ ಗಾಡಿಯಲ್ಲಿ ಕೂರಿಸುವಾಗ ತೆಗೆದಿಡಿ. ಬೆಲ್ಟಿಗೋ ಕಂಬಿಗೋ ಸಿಕ್ಕಿ ಬಿಗಿಯಬಹುದು.

ಬ್ರೇಕ್ ಒಂದೇ ಸಲ ಒತ್ತಿದರೆ ಎರಡು ಕಡೆಯ ಚಕ್ರವೂ ನಿಲ್ಲಬೇಕು. ರೈಲ್ವೆ ಪ್ಲಾಟ್‌ಫಾರಂನಲ್ಲಿ ಬ್ರೇಕ್ ಹಾಕಿ, ಗಾಡಿಯನ್ನು ಹಳಿಯ ಕಡೆಗೆ ಮುಖ ಮಾಡದೆ ಹಳಿಗೆ ಸಮಾಂತರವಾಗಿ ನಿಲ್ಲಿಸಿ. ಕೈ ಬಿಡಬೇಡಿ. ಎಸ್ಕಲೇಟರ್ ಮೇಲೆ ಗಾಡಿಯನ್ನು ಎಂದೂ ಒಯ್ಯಬೇಡಿ. ಆಟೋದಲ್ಲಿ, ಕಾರಿನಲ್ಲಿ ಗಾಡಿಯನ್ನು ಮಡಚಿಡಿ. ಸ್ಟ್ರಾಲರ್ ಸೀಟು ಕಾರಿನ ಮಕ್ಕಳ ಸೀಟಿನ ಕೆಲಸ ಮಾಡುವುದಿಲ್ಲ.

ಮಡಚುವ ಕೀಲುಗಳು ಕತ್ತರಿಯಂತೆ. ಹಗುರವಾಗಿ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದವರು ಬ್ರಿಟನ್ನಿನ ವಿಮಾನ ಎಂಜಿನಿಯರ್ ಓವನ್ ಮೆಕ್ಲಾರನ್. ಅವರ ಹೆಸರಿನ ಕಂಪನಿಯೇ 2009ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳಿಗೆ ಕೀಲಿನ ಹೊದಿಕೆ ಕೊಡಬೇಕಾಯಿತು. ಬಿಡಿಸುವಾಗ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣಗಳು ಅಲ್ಲಿ ವರದಿಯಾಗಿದ್ದವು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಂದನ್ನು ಎತ್ತಿಕೊಂಡಿರುವಾಗ ಇನ್ನೊಂದರ ಕೈ ಎಲ್ಲಿದೆ ಎಂದು ನೋಡದೆ ಗಾಡಿ ಬಿಡಿಸಬೇಡಿ, ಮಡಚಬೇಡಿ.

ನಿಮ್ಮ ಉಡುಪಿನ ಮೇಲೂ ಗಮನವಿರಲಿ. ಬುರ್ಖಾದ ಅಂಚು, ದುಪಟ್ಟಾದ ತುದಿ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ನೀವೂ ಗಾಡಿಯೂ ಒಟ್ಟಿಗೆ ಉರುಳಬಹುದು. ದುಪಟ್ಟಾವನ್ನು ಪಿನ್ ಮಾಡಿ, ಅಂಚು ನೆಲದಿಂದ ನಾಲ್ಕು ಬೆರಳಷ್ಟು ಮೇಲಿರಲಿ.

ಹೊಗೆ, ಬಿಸಿಲು, ಜನಸಂದಣಿ

ಗಾಡಿಯಲ್ಲಿರುವ ಮಗುವಿನ ಮೂಗು ವಾಹನಗಳ ಹೊಗೆ ಕೊಳವೆಗೆ ಹತ್ತಿರ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪ್ರಶಾಂತ್ ಕುಮಾರ್ ಮತ್ತು ಸಂಗಡಿಗರು ಈ ಬಗ್ಗೆ ಅಧ್ಯಯನ ನಡೆಸಿದ್ದಾರೆ. ಗಾಡಿಯಲ್ಲಿರುವ ಮಕ್ಕಳು ದೊಡ್ಡವರಿಗಿಂತ ಶೇ. 60ರವರೆಗೂ ಹೆಚ್ಚು ಮಾಲಿನ್ಯಕ್ಕೆ ಒಡ್ಡಿಕೊಳ್ಳಬಹುದು ಎಂದು 2018ರಲ್ಲಿ ಹೇಳಿದರು. 2020ರಲ್ಲಿ ಜೋಡಿ ಗಾಡಿಯನ್ನೂ ಪರೀಕ್ಷಿಸಿದಾಗ, ಮೇಲಿನ ಸೀಟಿಗಿಂತ ಕೆಳಗಿನ ಸೀಟಿನಲ್ಲಿ ಮಾಲಿನ್ಯ ಶೇ. 72ರವರೆಗೂ ಹೆಚ್ಚಿರುವುದು ಕಂಡಿತು. ಅಂದರೆ ಮೇಲೊಂದು ಕೆಳಗೊಂದು ಸೀಟಿರುವ ಗಾಡಿ ಕೊಂಡರೆ ಹೊಗೆಯ ಹೆಚ್ಚಿನ ಪಾಲು ಕೆಳಗಿನ ಮಗುವಿಗೆ. ಹೆದ್ದಾರಿಯ ಸರ್ವೀಸ್ ರಸ್ತೆ, ಸಿಗ್ನಲ್, ಬಸ್ ನಿಲ್ದಾಣ ಬಿಟ್ಟು ಒಳಬೀದಿ ಹಿಡಿಯಿರಿ. ಕಾಲು ಗಂಟೆ ತಡವಾದರೂ ಚಿಂತೆಯಿಲ್ಲ.

ಮಾರ್ಚ್‌ನಿಂದ ಮೇವರೆಗೆ ಬಿಸಿಲು ತಾಗದಿರಲೆಂದು ಗಾಡಿಯನ್ನು ಬಟ್ಟೆಯಿಂದ ಪೂರ್ತಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಗಾಳಿ ನಿಂತು ಒಳಗಿನ ಬಿಸಿ ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ. ಗಾಡಿಯದೇ ಛಾವಣಿ ಸಾಕು. ಬೆಳಿಗ್ಗೆ ಅಥವಾ ಅಸರ್ ನಂತರ ಹೊರಡಿ.

ರಂಜಾನ್ ಸಂಜೆಯ ಪೇಟೆ, ಈದ್ಗಾ, ಉರುಸಿನ ಜನಸಂದಣಿಗೆ ಜೋಡಿ ಗಾಡಿ ಬೇಡ. ಸಮೋಸಾ ಕರಿಯುವ ಎಣ್ಣೆಯ ಬಾಣಲೆ, ಕಬಾಬಿನ ಕೆಂಡದ ಒಲೆ ಗಾಡಿಯಲ್ಲಿ ಕುಳಿತ ಮಗುವಿನ ಕೈಗೆಟಕುವ ಎತ್ತರದಲ್ಲೇ ಇರುತ್ತವೆ.

ಶುಚಿತ್ವ

ಹಾಲು, ಬಿಸ್ಕತ್ತಿನ ಪುಡಿ, ಬೆವರು, ಮೂತ್ರ ಎಲ್ಲವೂ ಸೀಟಿನ ಹೊಲಿಗೆಯಲ್ಲಿ ಸೇರುತ್ತವೆ. ಇರುವೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ, ಮಗುವಿನ ತೊಡೆಯಲ್ಲಿ ಕೆಂಪು ಗುಳ್ಳೆ ಏಳುತ್ತದೆ. ಬಿಚ್ಚಿ ಒಗೆಯಬಹುದಾದ ಹೊದಿಕೆ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಅದರ ಮೇಲೆ ತೆಳ್ಳನೆಯ ಹತ್ತಿ ಬಟ್ಟೆ ಹಾಸಿ, ಬೆಲ್ಟಿನ ಕಿಂಡಿಗಳಿಗೆ ಅದರಲ್ಲಿ ಸೀಳು ಬಿಟ್ಟು, ದಿನವೂ ಬದಲಿಸಿ. ವಾರಕ್ಕೊಮ್ಮೆ ಹೊದಿಕೆಯನ್ನು ಸಾಬೂನಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಿ. ಹಸಿಯಿರುವಾಗ ಮಡಚಿಡಬೇಡಿ. ಮುಂಭಾಗದ ಕಂಬಿಯನ್ನು ಮಕ್ಕಳು ಕಚ್ಚುತ್ತಾರೆ, ಅದನ್ನು ಪ್ರತಿದಿನ ಒರೆಸಿ. ಬೀದಿಯ ಕೊಳೆ ಮೆತ್ತಿದ ಚಕ್ರವನ್ನು ತೊಳೆಯದೆ ಮನೆಯೊಳಗೆ, ಅದರಲ್ಲೂ ನಮಾಜಿನ ಜಾಗಕ್ಕೆ ತರಬೇಡಿ. ಒಂದು ಮಗುವಿಗೆ ಭೇದಿಯೋ ನೆಗಡಿಯೋ ಆದರೆ ಅದೇ ಸೀಟಿಗೆ ಇನ್ನೊಂದನ್ನು ಕೂರಿಸುವ ಮೊದಲು ಬಟ್ಟೆ ಬದಲಿಸಿ, ಕಂಬಿ ಒರೆಸಿ, ನಿಮ್ಮ ಕೈ ತೊಳೆಯಿರಿ.

ತಾಯಿಯ ಮೈಯನ್ನೂ ನೆನೆಯಿರಿ

ಸಿಸೇರಿಯನ್ ಆದ ತಾಯಿ ಮೊದಲ ಆರು ವಾರ ಕೂಸಿಗಿಂತ ಭಾರವಾದದ್ದನ್ನು ಎತ್ತಬಾರದು. ಜೋಡಿ ಗಾಡಿ ಖಾಲಿಯಿದ್ದಾಗಲೇ 12ರಿಂದ 16 ಕೆ.ಜಿ. ತೂಗುತ್ತದೆ. ಮನೆ ಮೊದಲ ಮಹಡಿಯಲ್ಲಿದ್ದರೆ ಅದನ್ನು ಇಳಿಸಿ ಏರಿಸುವವರು ಯಾರು? ಗಂಡ, ಮೈದುನ ಕೆಲಸಕ್ಕೆ ಹೋದ ಮೇಲೆ ಯಾರಿದ್ದಾರೆ? ಗಾಡಿಯನ್ನು ಕೆಳಗೇ ಬೀಗ ಹಾಕಿ ಇಡಲು ಜಾಗವಿದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಹಣ ಕೊಡಿ. ಹಿಡಿಯ ಎತ್ತರ ತಳ್ಳುವವರ ಸೊಂಟದ ಮಟ್ಟಕ್ಕಿರಲಿ. ನಾನಿ, ದಾದಿಯೂ ತಳ್ಳುವುದಾದರೆ ಎತ್ತರ ಹೊಂದಿಸುವ ಹಿಡಿ ಒಳ್ಳೆಯದು.

ಜೋಡಿ ಗಾಡಿ ಬೇಡವಾದರೆ

ದೊಡ್ಡ ಮಗುವಿಗೆ ಎರಡು ವರ್ಷ ದಾಟಿದ್ದರೆ ಜೋಡಿ ಗಾಡಿ ಹೆಚ್ಚು ದಿನ ಬೇಕಾಗುವುದಿಲ್ಲ. ಬಹಳಷ್ಟು ಗಾಡಿಗಳಲ್ಲಿ ಒಂದು ಸೀಟಿನ ಮಿತಿ 15 ಕೆ.ಜಿ. ಮೂರು ವರ್ಷದ ಮಗು ಸುಮಾರು 14 ಕೆ.ಜಿ. ಮುಟ್ಟುತ್ತದೆ. ಅಂಥವರಿಗೆ ಹಗುರವಾದ ಒಂಟಿ ಗಾಡಿಯಲ್ಲಿ ದೊಡ್ಡದು, ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಚಿಕ್ಕದು ಎಂಬ ಏರ್ಪಾಡು ಸಾಕು. ಬಸ್ಸಿಗೂ ಇದೇ ಸರಿ. ಎದೆಗೆ ಕಟ್ಟಿದಾಗ ಕೂಸಿನ ಮುಖ ಸದಾ ಕಾಣುತ್ತಿರಲಿ, ಗಲ್ಲ ಎದೆಗೆ ಒತ್ತದಿರಲಿ, ಮಂಡಿಗಳು ಪೃಷ್ಠಕ್ಕಿಂತ ಸ್ವಲ್ಪ ಮೇಲಿದ್ದು ತೊಡೆಗಳು ಅಗಲವಾಗಿರಲಿ.

ಸ್ಕೂಟರಿನಲ್ಲಿ ಒಂದನ್ನು ಮುಂದೆ ನಿಲ್ಲಿಸಿ, ಇನ್ನೊಂದನ್ನು ಮಡಿಲಲ್ಲಿಟ್ಟು ಹೋಗುವುದು ಇದಕ್ಕೆ ಪರಿಹಾರವಲ್ಲ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ, 9 ತಿಂಗಳಿಂದ 4 ವರ್ಷದ ಮಗುವಿಗೆ ಸವಾರನೊಡನೆ ಬಿಗಿಯುವ ಸುರಕ್ಷಾ ಬೆಲ್ಟ್, ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ಕೊಳ್ಳುವಾಗ

ಸಾಧ್ಯವಾದರೆ ಅಂಗಡಿಗೆ ಹೋಗಿ ನೋಡಿಯೇ ಕೊಳ್ಳಿ. ಎರಡೂ ಸೀಟಿನಲ್ಲಿ ಭಾರವಿಟ್ಟು ಒಂದೇ ಕೈಯಲ್ಲಿ ತಳ್ಳಿ. ಇಳಿಜಾರಿನಲ್ಲಿ ಬ್ರೇಕ್ ಹಾಕಿ ನೋಡಿ. ನೀವೇ ಮಡಚಿ, ನೀವೇ ಎತ್ತಿ. ಬಂಧುಗಳು ಬಳಸಿದ ಗಾಡಿ ಸಿಕ್ಕರೆ ಒಳ್ಳೆಯದೇ. ಆದರೆ ಬೆಲ್ಟಿನ ಬಕಲ್, ಬ್ರೇಕ್, ಚೌಕಟ್ಟಿನ ಬಿರುಕು, ಸಡಿಲ ಸ್ಕ್ರೂ, ಮಡಚಿದಾಗ ಬೀಳುವ ಲಾಕ್, ಈ ಐದನ್ನೂ ಪರೀಕ್ಷಿಸಿ. ಲಾಕ್ ಸರಿಯಿಲ್ಲದ ಗಾಡಿ ಉಚಿತವಾಗಿ ಸಿಕ್ಕರೂ ಬೇಡ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಅಗಲ, ತೂಕ, ಪ್ರತಿ ಸೀಟಿನ ಮಿತಿ, ಎಷ್ಟು ತಿಂಗಳ ಮಗುವಿನಿಂದ ಬಳಸಬಹುದು, ಮರಳಿಸುವ ಅವಧಿ ಎಷ್ಟು ಎಂಬುದನ್ನು ಓದಿ. ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಮಾನದಂಡದ ಉಲ್ಲೇಖವಿದೆಯೇ ನೋಡಿ. ಬಿಲ್ಲು ತಪ್ಪದೆ ಪಡೆಯಿರಿ. ದೋಷವಿರುವ ಗಾಡಿಯನ್ನು ಮಾರಿದವರು ಹಿಂಪಡೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ.

ಗಾಡಿ ಮನೆಗೆ ಬಂದ ದಿನವೇ ಮಕ್ಕಳನ್ನು ಕೂರಿಸಿ ಪೇಟೆಗೆ ಹೊರಡಬೇಡಿ. ಎರಡು ದಿನ ಅಕ್ಕಿ ಚೀಲವಿಟ್ಟು ನಿಮ್ಮ ಬೀದಿಯಲ್ಲೇ ತಳ್ಳಿ ಅಭ್ಯಾಸ ಮಾಡಿ. ಬ್ರೇಕ್ ಎಲ್ಲಿದೆ, ಲಾಕ್ ಹೇಗೆ ಬೀಳುತ್ತದೆ ಎಂಬುದನ್ನು ಮಕ್ಕಳನ್ನು ಒಯ್ಯುವ ಮನೆಯ ಪ್ರತಿಯೊಬ್ಬರಿಗೂ ತೋರಿಸಿಕೊಡಿ.