ಗುಂಡಿ ಮತ್ತು ಕೀಲಿಮಣೆ

ಗಣಕಯಂತ್ರದ ತೆರೆಯ ಮೇಲೆ ತೋರುವ ಗುಂಡಿಗಳನ್ನು ದೃಷ್ಟಿಹೀನರು ಸಾಮಾನ್ಯವಾಗಿ ಮೌಸಿನಿಂದಲ್ಲ, ಕೀಲಿಮಣೆಯಿಂದ ಒತ್ತುತ್ತಾರೆ. ಅಲ್ಲಿ ದೋಷವಿದ್ದರೆ ಹಾನಿ ಮೊದಲು ಅವರಿಗೇ.

ಜಾವಾ ಭಾಷೆಯ ‘ಸ್ವಿಂಗ್’ ಎಂಬ ಸಾಧನದಿಂದ ರಚಿಸಿದ ಒಂದು ಕಿಟಕಿಯಲ್ಲಿ ‘ಅಳಿಸು’, ‘ಬೇಡ’ ಎಂಬ ಎರಡು ಗುಂಡಿಗಳಿವೆಯೆಂದು ಭಾವಿಸಿರಿ. ಬಳಕೆದಾರನು ಟ್ಯಾಬ್ ಕೀಲಿಯನ್ನೊತ್ತಿ ‘ಬೇಡ’ವನ್ನು ಸೇರುತ್ತಾನೆ, ಆ ಹೆಸರಿನ ಸುತ್ತ ಗೆರೆ ಮೂಡುತ್ತದೆ. ಬಳಿಕ ಎಂಟರ್ ಒತ್ತುತ್ತಾನೆ. ಕಡತವೇ ಅಳಿದುಹೋಗುತ್ತದೆ!

ಇದು ಯಂತ್ರದ ಹುಚ್ಚಲ್ಲ. ಸ್ವಿಂಗ್‌ನ ‘ಮೆಟಲ್’ ರೂಪದಲ್ಲಿ ಗೆರೆ ಮೂಡಿದ ಗುಂಡಿಯು ಸ್ಪೇಸ್ ಕೀಲಿಗೆ ಮಾತ್ರ ಓಗೊಡುತ್ತದೆ. ಎಂಟರ್ ಕೀಲಿಯ ಆಜ್ಞೆಯಾದರೋ ಆ ಕಿಟಕಿಗೆ ಮೊದಲೇ ಗೊತ್ತುಮಾಡಿದ ಮುಖ್ಯ ಗುಂಡಿಗೆ ಸಲ್ಲುತ್ತದೆ. ಕ್ರಮವಿಧಿಯನ್ನು ಬರೆದವನು ‘ಅಳಿಸು’ ಗುಂಡಿಯನ್ನೇ ಮುಖ್ಯವಾಗಿಸಿದ್ದನು. ‘ವಿಂಡೋಸ್’ ರೂಪದಲ್ಲಿ ಈ ಮುಖ್ಯತ್ವವು ಗೆರೆಯೊಡನೆಯೇ ಸಾಗುವುದರಿಂದ, ಅಲ್ಲಿ ಮಾತ್ರ ಪರೀಕ್ಷಿಸಿದವನಿಗೆ ದೋಷವು ಕಾಣಿಸದು.

ಪರಿಹಾರವೇನು? ‘ಬೇಡ’ವನ್ನು ಮುಖ್ಯವಾಗಿಸುವುದು ಕ್ಷೇಮ. ಎಂಟರ್ ಕೀಲಿಯನ್ನೂ ಪ್ರತಿ ಗುಂಡಿಯ ಕೀಲಿಪಟ್ಟಿಗೆ ಸೇರಿಸಬಹುದು. ಆಗ ಒತ್ತುವುದು, ಬಿಡುವುದು ಎರಡನ್ನೂ ಸೇರಿಸಬೇಕು. ಕೀಲಿಯನ್ನು ಒತ್ತಿದಾಗ ಗುಂಡಿ ತಗ್ಗುತ್ತದೆ, ಅಷ್ಟೆ. ಕೆಲಸ ನಡೆಯುವುದು ಬಿಟ್ಟಾಗ. ಎರಡನೆಯದನ್ನು ಮರೆತರೆ ಗುಂಡಿ ತಗ್ಗಿಯೇ ನಿಲ್ಲುತ್ತದೆ.